ಒಪ್ಪಿಗೆ ಹುಡುಕಿಕೊಂಡು ಕರ್ಮೆಲ್ ಬೆಟ್ಟಕ್ಕೆ

ಮುಧೋಳ

ವಿದೇಶಕ್ಕೆ ಹೋಗುವವರು ಸಾಮಾನ್ಯವಾಗಿ ಏನನ್ನಾದರೂ ನೋಡಲು ಹೋಗುತ್ತಾರೆ. ಇಲ್ಲವೇ ನೋಡಿಬಂದೆವೆಂದು ಊರಿನವರಿಗೆ ಹೇಳಲು ಹೋಗುತ್ತಾರೆ. ನಾವು ನಾಲ್ವರು ಇಸ್ರೇಲ್ ದೇಶಕ್ಕೆ ಹೋದದ್ದು, ಮುಧೋಳದ ಒಬ್ಬ ತಂದೆ ತನ್ನ ಮಗಳ ಮದುವೆಗೆ ಒಪ್ಪಬೇಕೋ ಬೇಡವೋ ಎಂಬುದನ್ನು ಇತ್ಯರ್ಥಪಡಿಸಲು. ಈ ಪ್ರಶ್ನೆಯನ್ನು ಮುಧೋಳದ ಪಡಸಾಲೆಯಲ್ಲಿಯೇ ಒಂದು ಸಂಜೆ ಚಹಾ ಕುಡಿಯುತ್ತ ಮುಗಿಸಬಹುದಾಗಿತ್ತು. ಆದರೆ ಇಬ್ಬರು ಗಂಡಸರು ಎರಡು ಧರ್ಮಗಳನ್ನು ಹೊತ್ತುಕೊಂಡು ಎದುರುಬದುರಾಗಿ ಕುಳಿತ ಮೇಲೆ ಪಡಸಾಲೆ ಸಾಲುವುದಿಲ್ಲ. ಇನ್ನೊಂದು ದೇಶವೇ ಬೇಕಾಗುತ್ತದೆ.

ತಂದೆಯ ಹೆಸರು ಯೋಹಾನಪ್ಪ. ಮುಧೋಳದ ಪ್ರೌಢಶಾಲೆಯಲ್ಲಿ ಅವರು ಗಣಿತ ಕಲಿಸುತ್ತಿದ್ದರು, ನಾನು ಕನ್ನಡ ಕಲಿಸುತ್ತಿದ್ದೆ. ಅವರದು ಮೂರು ತಲೆಮಾರಿನ ಕ್ರೈಸ್ತ ಮನೆತನ. ಬೈಬಲನ್ನು ಅವರು ರೇಖಾಗಣಿತದಂತೆ ಓದುತ್ತಾರೆ: ಪ್ರತಿಯೊಂದು ವಚನವೂ ಒಂದು ಪ್ರಮೇಯ, ಸಾಧಿಸಿ ಕೆಳಗೊಂದು ಗೆರೆ ಎಳೆದರೆ ಅಲ್ಲಿಗೆ ಮುಗಿಯಿತು. ಅವರ ಒಬ್ಬಳೇ ಮಗಳು ಸುವಾರ್ತಾ ರಬಕವಿಯ ದವಾಖಾನೆಯೊಂದರಲ್ಲಿ ನರ್ಸ್. ಮಗ್ಗದಲ್ಲಿ ಬೆರಳು ಸಿಕ್ಕಿಸಿಕೊಂಡ ಕೆಲಸಗಾರನೊಬ್ಬನನ್ನು ಅಲ್ಲಿಗೆ ಕರೆತಂದವನು ಬನಹಟ್ಟಿಯ ಪ್ರಕಾಶ. ಕೆಲಸಗಾರನ ಬೆರಳು ವಾಸಿಯಾದ ಮೇಲೂ ಪ್ರಕಾಶ ದವಾಖಾನೆಗೆ ಬರುವುದನ್ನು ಬಿಡಲಿಲ್ಲ.

ಪ್ರಕಾಶನ ತಂದೆ ಗಂಗಪ್ಪನವರಿಗೆ ಬನಹಟ್ಟಿಯಲ್ಲಿ ಮಗ್ಗಗಳಿವೆ, ಸೀರೆಯ ವ್ಯಾಪಾರವಿದೆ. ನಮ್ಮ ಶಾಲೆಗೆ ಸಮವಸ್ತ್ರದ ಬಟ್ಟೆ ತರುತ್ತಿದ್ದವರೂ ಅವರೇ. ಆದ್ದರಿಂದ ಯೋಹಾನಪ್ಪನವರಿಗೂ ಅವರಿಗೂ ಹಳೆಯ ಸ್ನೇಹ. ತರುಣರಾಗಿದ್ದಾಗ ಸೀರೆಯ ಗಂಟು ಹೊತ್ತು ಪಂಚಗಣಿಗೆ ಹೋದ ಗಂಗಪ್ಪನವರು ಅಲ್ಲಿಂದ ಬಹಾಯಿ ಆಗಿ ಮರಳಿದ್ದರು. ಹಾಗೆಂದರೇನೆಂದು ಬನಹಟ್ಟಿಯವರು ಕೇಳಿದಾಗ ಅವರು ವಿವರಿಸುತ್ತಿದ್ದರು: ದೇವರು ಒಬ್ಬನೇ; ಕೃಷ್ಣ, ಬುದ್ಧ, ಯೇಸು, ಮಹಮ್ಮದ್ ಎಲ್ಲರೂ ಅವನು ಕಾಲಕಾಲಕ್ಕೆ ಕಳಿಸಿದವರೇ; ಈ ಕಾಲಕ್ಕೆ ಬಂದವರು ಪರ್ಷಿಯದ ಬಹಾವುಲ್ಲಾ. ಕೇಳಿದವರು, “ಇಷ್ಟನ? ಇದು ನಮಗ ಮೊದಲ ಗೊತ್ತಿತ್ತಲ್ಲ,” ಎಂದು ಎದ್ದು ಹೋಗುತ್ತಿದ್ದರು. ಎಲ್ಲವನ್ನೂ ಒಪ್ಪುವ ಧರ್ಮಕ್ಕೆ ನಮ್ಮ ಕಡೆ ಇರುವ ದೊಡ್ಡ ತೊಂದರೆಯೇ ಇದು: ಜಗಳಕ್ಕೆ ಯಾರೂ ಸಿಕ್ಕುವುದಿಲ್ಲ. ಕಡೆಗೆ ಗಂಗಪ್ಪನವರಿಗೆ ಯೋಹಾನಪ್ಪನವರು ಸಿಕ್ಕಿದರು.

ಬಹಾಯಿಗಳಲ್ಲಿ ಒಂದು ವಿಧಿ ಇದೆ. ಹುಡುಗ ಹುಡುಗಿ ತಾವೇ ಒಬ್ಬರನ್ನೊಬ್ಬರು ಆರಿಸಿಕೊಳ್ಳಬೇಕು. ಆದರೆ ಬದುಕಿರುವ ಹೆತ್ತವರೆಲ್ಲ ಒಪ್ಪದೆ ಮದುವೆಯಾಗುವಂತಿಲ್ಲ, ಹೆತ್ತವರು ಯಾವ ಧರ್ಮದವರೇ ಆಗಿರಲಿ. ಹೀಗಾಗಿ ಪ್ರಕಾಶನಿಗೆ ಓಡಿಹೋಗುವ ಸೌಲಭ್ಯವೂ ಇರಲಿಲ್ಲ. ಯೋಹಾನಪ್ಪನವರು ಒಪ್ಪಲಿಲ್ಲ. ಅವಿಶ್ವಾಸಿಗಳೊಡನೆ ಜೊತೆಯಾಗಿ ನೊಗ ಹೊರಬಾರದೆಂದು ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದಿದ್ದಾನೆ. ಅದನ್ನು ಮುಧೋಳದವರಿಗೂ ಸೇರಿಸಿಯೇ ಬರೆದನೆಂಬುದು ಇವರ ನಿಲುವು.

“ನನ್ನ ಮಗ ಅವಿಶ್ವಾಸಿ ಅಲ್ರಿ ಮಾಸ್ತರ. ಯೇಸುನ್ನ ನಂಬತಾನ,” ಎಂದರು ಗಂಗಪ್ಪ.

“ಯೇಸುನ್ನ ಒಬ್ಬಾತನ್ನ ನಂಬಬೇಕು, ಗಂಗಪ್ಪಾ. ಸಂತಿಗೆ ಹೋದವರಂಗ ಕಂಡಕಂಡವರನ್ನೆಲ್ಲಾ ಚೀಲಕ್ಕ ಹಾಕ್ಕೊಂಡು ಬರಬಾರದು.”

“ಇಸ್ರೇಲದಾಗ ನಮ್ಮ ಕ್ಷೇತ್ರ ಐತಿ, ಹೈಫಾಕ್ಕ ಬರ್ರಿ. ಕಣ್ಣಿಲೆ ನೋಡ್ರಿ. ಆಮ್ಯಾಲೂ ಬ್ಯಾಡಂದ್ರ ನಾ ಈ ಮಾತು ಎತ್ತೂದಿಲ್ಲ.”

“ಮೊದಲ ನನ್ನ ಯೆರೂಸಲೇಮ್. ಆಮ್ಯಾಲ ನಿನ್ನ ಹೈಫಾ.”

ನ್ಯಾಯ ಹೇಳಲು ನನ್ನನ್ನು ಕರೆದರು. ನಾನು ಜಮಖಂಡಿಯವಳು, ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಎರಡೂ ಪಕ್ಷಕ್ಕೆ ಸೇರದವಳು. “ಬಾಯಾರ ಬರ್ಲಿ,” ಎಂದರು ಯೋಹಾನಪ್ಪ. “ಅವರು ತಪ್ಪಂದ್ರ ಇಬ್ಬರದೂ ತಗೀತಾರ.” ನಮ್ಮ ಕಡೆ ಶಿಕ್ಷಕಿಯರನ್ನು ಬಾಯಾರ ಎಂದೇ ಕರೆಯುವುದು. ಸ್ವಯಂನಿವೃತ್ತಿ ಪಡೆದು, ತಿದ್ದಲು ಉತ್ತರಪತ್ರಿಕೆಗಳಿಲ್ಲದೆ ಕೈ ಕಟ್ಟಿಹೋದಂತಾಗಿದ್ದ ನನಗೆ ಎರಡು ಧರ್ಮಗಳನ್ನೇ ತಿದ್ದಲು ಕೊಟ್ಟರೆ ಬೇಡವೆನ್ನುವುದು ಸಾಧ್ಯವೆ?

ನಾಲ್ಕನೆಯವರು ಯೋಹಾನಪ್ಪನವರ ಹೆಂಡತಿ ಮಾರ್ಥವ್ವ. ಅವರನ್ನು ಕರೆದುಕೊಂಡದ್ದಕ್ಕೆ ಕೊಟ್ಟ ಕಾರಣ, ಮಾಸ್ತರರಿಗೆ ಹೊರಗಿನ ಊಟ ಒಗ್ಗುವುದಿಲ್ಲ ಎಂಬುದು.

ಮುಂಬಯಿಯ ವಿಮಾನ ನಿಲ್ದಾಣ

ಇಸ್ರೇಲಿಗೆ ಹೋಗುವವರನ್ನು ವಿಮಾನ ಹತ್ತಿಸುವ ಮೊದಲು ಪ್ರಶ್ನೆ ಕೇಳುತ್ತಾರೆ. ನಮ್ಮನ್ನು ಕೇಳಿದವಳು ಎಳೆಯ ವಯಸ್ಸಿನ ಅಧಿಕಾರಿಣಿ. ನಗುವುದನ್ನು ಯಾರೋ ಅವಳಿಗೆ ನಿಷೇಧಿಸಿದ್ದರು. ಅವಳು ಇಂಗ್ಲಿಷಿನಲ್ಲಿ ಕೇಳುವಳು, ನಾನು ಕನ್ನಡಕ್ಕೆ ತರುವೆನು.

ಈ ಇಬ್ಬರು ಪುರುಷರಿಗೂ ಪರಸ್ಪರ ಏನು ಸಂಬಂಧ ಎಂದು ಕೇಳಿದಳು.

“ಸಂಬಂಧ ಇನ್ನೂ ಆಗಿಲ್ಲಂತ ಹೇಳ್ರಿ,” ಎಂದರು ಯೋಹಾನಪ್ಪ. “ಆಗೂದೂ ಅನುಮಾನ.”

ಅನುವಾದದಲ್ಲಿ ಏನನ್ನೂ ಬಿಡಬಾರದೆಂಬುದು ನನ್ನ ನಿಯಮ. ಇವರ ಸಂಬಂಧ ಏನೆಂಬುದನ್ನು ತೀರ್ಮಾನಿಸಲೆಂದೇ ನಿಮ್ಮ ದೇಶಕ್ಕೆ ಹೋಗುತ್ತಿದ್ದೇವೆಂದು ತಿಳಿಸಿದೆ. ನಮ್ಮನ್ನು ಬೇರೆ ಕೋಣೆಗೆ ಕರೆದೊಯ್ದರು.

ಅಲ್ಲಿ ಮಾರ್ಥವ್ವನ ಡಬ್ಬಿಗಳು ಒಂದೊಂದಾಗಿ ತೆರೆದವು. ಒಣಗಿಸಿ ಗಟ್ಟಿಯಾದ ಕಟಕ ರೊಟ್ಟಿಗಳನ್ನು ತಟ್ಟಿ ನೋಡಿದರು. ಲೋಹದ ಸದ್ದು ಬಂದದ್ದರಲ್ಲಿ ರೊಟ್ಟಿಯ ತಪ್ಪೇನೂ ಇಲ್ಲ, ಅದರ ಗುಣವೇ ಅದು. ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಡಬ್ಬಿಗೆ ಮೂಗು ತಂದ ಅಧಿಕಾರಿಣಿ ಸೀನತೊಡಗಿದವಳು ನಿಲ್ಲಿಸಲಾರದೆ ಹೋದಳು.

“ಬಾಯಾಗ ಹಾಕ್ಕೊಂಡು ನೋಡವ್ವಾ,” ಎಂದರು ಮಾರ್ಥವ್ವ ಕನಿಕರದಿಂದ. “ಬಾಂಬ್ ಇದ್ರ ಗೊತ್ತಾಗ್ತೈತಿ.”

ನನ್ನ ನಿಯಮವನ್ನು ಅಲ್ಲಿ ಒಮ್ಮೆ ಮುರಿದೆ.

ಯೆರೂಸಲೇಮ್

ಯೆರೂಸಲೇಮಿನ ಹಳೆಯ ಪಟ್ಟಣವನ್ನು ಕಲ್ಪಿಸಿಕೊಳ್ಳಬೇಕಾದರೆ ಜಮಖಂಡಿಯ ಹಳೆಯ ಪೇಟೆಯ ಓಣಿಗಳನ್ನು ಇನ್ನಷ್ಟು ಇಕ್ಕಟ್ಟು ಮಾಡಿ, ನೆಲಕ್ಕೆ ಜಾರುವ ಕಲ್ಲು ಹಾಸಿ, ತಿರುವಿಗೊಂದರಂತೆ ಧರ್ಮಗಳನ್ನು ನಿಲ್ಲಿಸಬೇಕು. ಯೇಸುವನ್ನು ಸಮಾಧಿ ಮಾಡಿದರೆನ್ನುವ ಜಾಗದ ಮೇಲೆ ಒಂದು ಪುರಾತನ ದೇವಾಲಯವಿದೆ. ಹಲವು ಕ್ರೈಸ್ತ ಪಂಗಡಗಳು ಅದನ್ನು ಹಂಚಿಕೊಂಡಿವೆ. ನಮ್ಮ ಕಡೆ ಅಣ್ಣತಮ್ಮಂದಿರು ಕಲ್ಲು ನೆಟ್ಟು ಹೊಲ ಹಂಚಿಕೊಳ್ಳುತ್ತಾರಲ್ಲ, ಹಾಗೆ. ಈ ಕಂಬ ಒಬ್ಬರದು, ಆ ದೀಪ ಇನ್ನೊಬ್ಬರದು, ಈ ಮೆಟ್ಟಿಲನ್ನು ಗುಡಿಸುವ ಹಕ್ಕು ಮತ್ತೊಬ್ಬರದು. ಮುಂಭಾಗದ ಕಿಟಕಿಯ ಬಳಿ ಒಂದು ಮರದ ಏಣಿ ನಿಂತಿದೆ. ಅದನ್ನು ತೆಗೆಯಬೇಕಾದರೆ ಎಲ್ಲ ಪಂಗಡಗಳೂ ಒಪ್ಪಬೇಕು. ಎಲ್ಲರೂ ಒಪ್ಪಿದ ದಿನ ಇನ್ನೂ ಬಂದಿಲ್ಲವಾದ್ದರಿಂದ ತಲೆಮಾರುಗಳಿಂದ ಏಣಿ ಅಲ್ಲಿಯೇ ಇದೆ. ಕ್ರೈಸ್ತರು ಒಬ್ಬರನ್ನೊಬ್ಬರು ನಂಬಲಾರರೆಂದು ಬಾಗಿಲಿನ ಕೀಲಿಯನ್ನು ಒಂದು ಮುಸಲ್ಮಾನ ಮನೆತನ ಇಟ್ಟುಕೊಂಡಿದೆ.

ಮಾರ್ಗದರ್ಶಿ ಇದನ್ನೆಲ್ಲ ಹೇಳುತ್ತಿದ್ದಂತೆ ಗಂಗಪ್ಪನವರ ಮುಖ ಹೊಸ ಸೀರೆಯ ಅಂಚಿನಂತೆ ಹೊಳೆಯತೊಡಗಿತು. ಮಾನವಕುಲವೆಲ್ಲ ಒಂದೇ ಎಂಬುದು ಅವರ ಧರ್ಮದ ಮೊದಲ ಪಾಠ. ಆದರೆ ಇನ್ನೊಬ್ಬರ ಬೆನ್ನ ಹಿಂದೆ ಕೆಟ್ಟದ್ದು ಮಾತಾಡಬಾರದೆಂಬುದೂ ಅವರಲ್ಲಿ ಕಟ್ಟುನಿಟ್ಟು. ಬನಹಟ್ಟಿಯಂಥ ಊರಿನಲ್ಲಿ ಈ ವ್ರತವನ್ನು ಹಿಡಿದು ಬದುಕಿರುವುದೇ ಒಂದು ಪವಾಡ.

“ನಾ ಏನೂ ಅನ್ನೂದಿಲ್ರಿ,” ಎಂದರು.

“ಅನ್ನೋ, ಅನ್ನು. ಹಿಂದ ಯಾಕ, ಮುಂದನ ಅನ್ನು,” ಎಂದರು ಯೋಹಾನಪ್ಪ.

“ಏಣಿ ಭಾಳ ಛಲೋ ಐತ್ರಿ.”

ಮಾಸ್ತರರು ಸರಸರನೆ ಎರಡು ಓಣಿ ದಾಟಿದರು. ಆಮೇಲೆ ತಮ್ಮ ಚರ್ಚಿನ ಸಭೆಯವರಿಗೆ ಪ್ರಿಯವಾದದ್ದು ಬೇರೊಂದು ಸಮಾಧಿಯೆಂದೂ, ಅದು ಗೋಡೆಯ ಹೊರಗೆ ತೋಟದಲ್ಲಿದೆಯೆಂದೂ ಹೇಳಿ ನಮ್ಮನ್ನು ಅಲ್ಲಿಗೆ ನಡೆಸಿದರು. ಗಂಗಪ್ಪನವರಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

“ಒಬ್ಬ ಯೇಸುಗ ಎರಡು ಸಮಾಧಿ ಹೆಂಗ್ರಿ ಮಾಸ್ತರ?”

“ಒಳಗ ಯಾರೂ ಇಲ್ಲಂದ ಮ್ಯಾಲ ಎಷ್ಟಿದ್ರ ಏನೋ?”

ಈ ಉತ್ತರ ನನಗೆ ಹಿಡಿಸಿತು. ಇಲ್ಲಿಯೇ ಇಬ್ಬರ ಮುಖ್ಯ ಭೇದವೂ ಹೊರಬಿತ್ತು. ಬೈಬಲಿನ ಪ್ರಕಾರ ಯೇಸು ಮೂರನೆಯ ದಿನ ದೇಹಸಹಿತನಾಗಿ ಎದ್ದನು. ಆ ದೇಹಕ್ಕೆ ಗಾಯದ ಗುರುತುಗಳಿದ್ದವು, ಅದು ಶಿಷ್ಯರ ಎದುರಿಗೆ ಮೀನು ತಿಂದಿತು. ಬಹಾಯಿಗಳು ಹೇಳುವುದು ಬೇರೆ: ಎದ್ದದ್ದು ದೇಹವಲ್ಲ, ಗುರುವನ್ನು ಕಳೆದುಕೊಂಡು ಕುಸಿದಿದ್ದ ಶಿಷ್ಯರ ಶ್ರದ್ಧೆ.

“ಶ್ರದ್ಧಾ ಮೀನ ತಿಂತೈತೇನೋ?” ಎಂದರು ಯೋಹಾನಪ್ಪ.

“ಅದಕ್ಕ ಒಳಗ ಒಂದು ಅರ್ಥ ಇರ್ತೈತ್ರಿ.”

“ಮೀನಿನೊಳಗ ಮುಳ್ಳು ಇರ್ತೈತಿ.”

ಈ ಅಂಶದಲ್ಲಿ ನಾನು ಯೋಹಾನಪ್ಪನವರ ಕಡೆಗೆ ವಾಲಿದೆ. ಪಠ್ಯದಲ್ಲಿ ಇರುವುದನ್ನು ಬರೆದವನಿಗೆ ಪೂರ್ಣ ಅಂಕ ಕೊಡಲೇಬೇಕು. ಭಾವಾರ್ಥ ಬರೆದವನಿಗೆ, ಬರೆದದ್ದು ಸೊಗಸಾಗಿದ್ದರೆ ಅರ್ಧ. ಹಾಗೆಂದು ಹೇಳಿದಾಗ ಇಬ್ಬರೂ ತಾವೇ ಗೆದ್ದೆವೆಂದು ತಿಳಿದರು. ಮಾರ್ಥವ್ವ ತೋಟದ ಮಾಲಿಯನ್ನು ಕೈಸನ್ನೆಯಲ್ಲಿ ಮಾತಾಡಿಸುತ್ತ ಯಾವುದೋ ಗಿಡದ ಬೀಜ ಕೇಳುತ್ತಿದ್ದರು.

ಗಲಿಲಾಯ

ಬೈಬಲು ಯಾವುದನ್ನು ಗಲಿಲಾಯ ಸಮುದ್ರವೆನ್ನುತ್ತದೋ ಅದನ್ನು ನೋಡಿ ನನಗೆ ಆದದ್ದು ಅಪಾರ ನಿರಾಶೆ. ಆಲಮಟ್ಟಿಯ ಹಿನ್ನೀರು ಹರಡಿದ್ದನ್ನು ಬೀಳಗಿಯ ಕಡೆಯಿಂದ ಕಂಡವರಿಗೆ ಇದು ಅಚ್ಚುಕಟ್ಟಾದ ಒಂದು ಕೆರೆ. ಅದರಿಂದ ಹೊರಡುವ ಯೊರ್ದನ್ ನದಿಯಾದರೋ ನಮ್ಮ ಕಬ್ಬಿನ ಹೊಲಗಳ ನಡುವೆ ಹರಿಯುವ ಘಟಪ್ರಭೆಯ ಕಾಲುವೆ. ಮುಧೋಳದ ರೈತ ಇಲ್ಲಿಗೆ ಬಂದರೆ ಮೊದಲು ಕೇಳುವ ಪ್ರಶ್ನೆ, ಯಾವ ಪಾಳಿಗೆ ನೀರು ಬಿಡುತ್ತಾರೆ ಎಂಬುದು. ಹಿರಿಮೆಗೂ ಅಗಲಕ್ಕೂ ಸಂಬಂಧವಿಲ್ಲವೆಂಬ ಪಾಠ ಇದರಲ್ಲಿದ್ದಿರಬಹುದು. ನಾನು ಕಲಿಯಲಿಲ್ಲ.

ಯೊರ್ದನ್ನಿನ ದಂಡೆಯಲ್ಲಿ ಬಿಳಿಯ ನಿಲುವಂಗಿ ತೊಟ್ಟ ಯಾತ್ರಿಕರು ದೀಕ್ಷಾಸ್ನಾನಕ್ಕಾಗಿ ಸಾಲಾಗಿ ಮುಳುಗಿ ಏಳುತ್ತಿದ್ದರು. ಸಭೆಯವರಿಗೆ ಕೊಡಲೆಂದು ಬಾಟಲಿಗೆ ನೀರು ತುಂಬಿಸಲು ಬಾಗಿದ ಯೋಹಾನಪ್ಪನವರು ಕೆಸರಿನಲ್ಲಿ ಜಾರಿ ಸೊಂಟದವರೆಗೆ ಇಳಿದುಬಿಟ್ಟರು. ಗಂಗಪ್ಪನವರು ರಟ್ಟೆ ಹಿಡಿದು ಮೇಲಕ್ಕೆಳೆದರು.

“ಅರ್ಧಾ ಆತ್ರಿ ಮಾಸ್ತರ. ಉಳಿದರ್ಧಾ ನಾ ಮುಳುಗಸ್ಲೇನು?”

“ಕೈ ಬಿಡೋ ಮಾರಾಯಾ, ಚಪ್ಪಲಿ ಹೋತು!”

ಆ ಚಪ್ಪಲಿ ಯೊರ್ದನ್ನಿನಲ್ಲಿ ತೇಲುತ್ತ ದಕ್ಷಿಣಕ್ಕೆ ಹೋಯಿತು. ಮಧ್ಯಾಹ್ನ ದೋಣಿಯಲ್ಲಿ ಕುಳಿತಾಗ ಮಾಸ್ತರರು ಬರಿಗಾಲಲ್ಲಿದ್ದರು, ಆದ್ದರಿಂದ ಮಾತಿನಲ್ಲಿ ಹೆಚ್ಚು ಖಾರವಿತ್ತು.

ದೋಣಿಯಲ್ಲಿ ಎದ್ದ ಚರ್ಚೆ ಯೇಸುವಿನ ಮರಳುವಿಕೆಯದು. ಯೇಸು ಮೇಲಕ್ಕೆ ಹೋದಂತೆಯೇ ಮೇಘಗಳೊಡನೆ ಇಳಿದುಬರುವನು, ಎಲ್ಲರ ಕಣ್ಣೂ ಅವನನ್ನು ಕಾಣುವುದು ಎಂಬುದು ಬೈಬಲಿನ ಬೋಧನೆ. ಬಹಾಯಿಗಳು, ಅವನು ಆಗಲೇ ಬಂದಾಯಿತು, ಹೊಸ ಹೆಸರಿನಿಂದ ಬಹಾವುಲ್ಲಾ ಆಗಿ ಬಂದನು, ಮೇಘವೆಂದರೆ ಮನುಷ್ಯರ ಕಣ್ಣಿಗೆ ಕವಿದ ಸಂಶಯವೆನ್ನುತ್ತಾರೆ. ಇದನ್ನು ತಿಳಿಯಪಡಿಸಲು ಗಂಗಪ್ಪನವರು ಶಾಲೆಯ ಉಪಮೆಯನ್ನು ತಂದರು. ಇಬ್ಬರು ಶಿಕ್ಷಕರ ಎದುರಿಗೆ ಶಾಲೆಯ ಉಪಮೆ ತರುವುದು ಎಂಥ ಧೈರ್ಯದ ಕೆಲಸವೆಂದು ಅವರಿಗೆ ಹೊಳೆದಿರಲಿಲ್ಲ.

“ಮನುಷ್ಯಾ ಅಂದ್ರ ಸಾಲಿ ಹುಡುಗ ಇದ್ದಂಗ್ರಿ. ಒಂದೊಂದು ಇಯತ್ತೆಗೆ ಒಬ್ಬೊಬ್ಬ ಮಾಸ್ತರ. ಮೋಶೆ ಒಂದು ಇಯತ್ತೆ ಕಲಿಸಿದ, ಯೇಸು ಮುಂದಿಂದು ಕಲಿಸಿದ, ಬಹಾವುಲ್ಲಾ ಅದರ ಮುಂದಿಂದು. ಎಲ್ಲಾರನ್ನೂ ನೇಮಿಸಿದವ ಒಬ್ಬನ.”

“ಅಂದ್ರ ನನ್ನ ಯೇಸುನ್ನ ಕೆಳಗಿನ ಇಯತ್ತೆದಾಗ ಕುಂಡರಿಸಿದಿ.”

“ಕುಂಡರಿಸಿಲ್ರಿ, ಕಲಿಸಾಕ ಹಚ್ಚೇನಿ.”

“ಒಬ್ಬ ಮಾಸ್ತರ ವರ್ಗಾ ಆಗಿ ಹೋಗಿ ಬ್ಯಾರೆಯಾಂವ ಬಂದ್ರ, ಹೋದಾಂವನ ತಿರುಗಿ ಬಂದಾನಂತ ಯಾವ ಹೆಡ್ ಮಾಸ್ತರ ಹಾಜರಿ ಹಾಕ್ತಾನೋ?”

ನನಗಿದ್ದ ಆಕ್ಷೇಪ ಬೇರೆಯದು. ಹೊಸ ತರಗತಿಗೆ ಬಂದ ಶಿಕ್ಷಕ ಮೊದಲ ದಿನವೇ ಹಿಂದಿನ ಶಿಕ್ಷಕನನ್ನು ಬೈಯುವುದು ಎಲ್ಲ ಶಾಲೆಗಳ ಸಂಪ್ರದಾಯ. ಹಿಂದಿನವರನ್ನೆಲ್ಲ ಹೊಗಳುತ್ತ ಬರುವ ಶಿಕ್ಷಕನನ್ನು ನಾನು ಕಂಡಿಲ್ಲ. ಅಂಥವನು ಒಂದೋ ಮಹಾತ್ಮ, ಇಲ್ಲವೇ ಹಿಂದಿನವರ ವಿದ್ಯಾರ್ಥಿಗಳನ್ನು ತನ್ನ ಮನೆಪಾಠಕ್ಕೆ ಸೆಳೆಯುತ್ತಿರುವವನು. ಇದನ್ನು ಹೇಳಿದಾಗ ಯೋಹಾನಪ್ಪನವರು ತೊಡೆ ತಟ್ಟಿ ನಕ್ಕರು. ಗಂಗಪ್ಪನವರು, “ಬಾಯಾರ, ನೀವು ಯಾರ ಪೈಕಿನೂ ಅಲ್ಲಂತ ಕರಕೊಂಡ ಬಂದೇವ್ರಿ,” ಎಂದು ನೊಂದುಕೊಂಡರು.

ಹೈಫಾ

ಎಲೀಯನೆಂಬ ಪ್ರವಾದಿ ಬಾಳ್ ದೇವರ ನೂರಾರು ಪ್ರವಾದಿಗಳನ್ನು ಒಬ್ಬನೇ ಎದುರಿಸಿ ಸೋಲಿಸಿದ್ದು ಇದೇ ಕರ್ಮೆಲ್ ಬೆಟ್ಟದ ಮೇಲೆ ಎಂದು ಬೈಬಲಿನಲ್ಲಿದೆ. ನಾವು ಅಲ್ಲಿಗೆ ಹೋದ ಬೆಳಿಗ್ಗೆ ಯೋಹಾನಪ್ಪನವರು ಹೊಸ ಚಪ್ಪಲಿ ಮೆಟ್ಟಿ, ಪುಟಗಳ ಗುರುತಿಗೆಂದು ಇಟ್ಟ ಚೀಟಿಗಳಿಂದ ಉಬ್ಬಿದ ಬೈಬಲನ್ನು ಕಂಕುಳಲ್ಲಿ ಇರುಕಿಕೊಂಡು ಎಲೀಯನ ಠೀವಿಯಲ್ಲಿಯೇ ಹೊರಟರು.

ಬೆಟ್ಟದ ನೆತ್ತಿಯಿಂದ ಬುಡದವರೆಗೆ ಇಳಿದ ಬಹಾಯಿಗಳ ತೋಟ, ನಡುವೆ ಬಹಾವುಲ್ಲಾ ಬರುವರೆಂದು ಮೊದಲೇ ಸಾರಿದವರ ಸಮಾಧಿಯ ಮೇಲೆ ಚಿನ್ನದ ಬಣ್ಣದ ಗುಮ್ಮಟ, ಕೆಳಗೆ ನೀಲಿ ಸಮುದ್ರ. ಚೆಲುವಿಗೆ ಕೊರತೆಯಿಲ್ಲ. ನನಗೆ ಕಂಡ ದೋಷವೆಂದರೆ ಒಂದು ಎಲೆಯೂ ತಪ್ಪು ಜಾಗದಲ್ಲಿ ಇಲ್ಲದಿರುವುದು. ಹುಲ್ಲಿಗೆ ತಲೆ ಬಾಚಿ ಬೈತಲೆ ತೆಗೆದಿದ್ದರು. ಸ್ವರ್ಗ ನರಕಗಳು ಸ್ಥಳಗಳಲ್ಲ, ದೇವರಿಗೆ ಹತ್ತಿರವಾಗುವುದೇ ಸ್ವರ್ಗ, ದೂರವಾಗುವುದೇ ನರಕ ಎನ್ನುವವರು ಇವರು. ಆದರೂ ಗೇಟು, ಕಾವಲು, ಮುಚ್ಚುವ ವೇಳೆ ಎಲ್ಲವೂ ಇರುವ ಒಂದು ಸ್ವರ್ಗವನ್ನು ಮುನ್ನೆಚ್ಚರಿಕೆಗಾಗಿ ಕಟ್ಟಿಟ್ಟಿದ್ದಾರೆ.

ಗುಮ್ಮಟದ ಬಳಿ ಸ್ವಯಂಸೇವೆಗೆ ನಿಂತಿದ್ದವಳು ಝಾಂಬಿಯಾ ದೇಶದ ತರುಣಿ. ಯೋಹಾನಪ್ಪನವರು ಪುರೋಹಿತರನ್ನು ಕರೆಯಲು ಹೇಳಿದರು. ತಮ್ಮಲ್ಲಿ ಪುರೋಹಿತರೇ ಇಲ್ಲವೆಂದಳು. ಬೋಧನೆಯ ಪ್ರಸಂಗ ಎಷ್ಟು ಗಂಟೆಗೆ? ಪ್ರಸಂಗವೂ ಇಲ್ಲ. ಹಾಗಾದರೆ ವಾದ ಮಾಡುವವರು ಯಾರು? ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ, ಆದರೆ ವಾದಿಸುವ ಪದ್ಧತಿ ನಮ್ಮದಲ್ಲ ಎಂದು ಆಕೆ ನಕ್ಕಳು. ಎದುರಾಳಿಯೇ ಬಾರದ ಅಖಾಡದಲ್ಲಿ ಪೈಲವಾನನು ನಿಂತಂತೆ ಮಾಸ್ತರರು ನಿಂತರು. ಕೊನೆಗೆ, ಬಂದದ್ದಕ್ಕೆ ಏನಾದರೂ ಆಗಲೆಂದು ಕಾಣಿಕೆ ಹಾಕಲು ಹುಂಡಿ ಹುಡುಕಿದರು. ಬಹಾಯಿಗಳಲ್ಲದವರಿಂದ ತಾವು ಕಾಣಿಕೆ ತೆಗೆದುಕೊಳ್ಳುವುದಿಲ್ಲವೆಂದು ಆಕೆ ಕೈಮುಗಿದಳು.

“ನನ್ನ ಕಾಣಿಕಿ ನಡಿಯೂದಿಲ್ಲಂತ! ನನ್ನ ಮಗಳು ನಡೀತಾಳಂತ!” ಎಂದು ಮಾಸ್ತರರು ಕೆಂಪಾದರು.

ಇದನ್ನು ಸರಿಪಡಿಸಲೆಂದು ಗಂಗಪ್ಪನವರು ಮದುವೆಯ ವಿಧಿಯನ್ನು ಆಕೆಯ ಬಾಯಿಂದಲೇ ಹೇಳಿಸಲು ಹೊರಟರು. ನಾನು ಅನುವಾದಿಸಿದೆ. ಹುಡುಗಿ ಕ್ರೈಸ್ತಳಾಗಿಯೇ ಇರಬಹುದು, ಬೇಕಾದರೆ ಚರ್ಚಿನ ವಿಧಿಯೂ ಅದೇ ದಿನ ನಡೆಯಬಹುದು, ಹೆತ್ತವರ ಒಪ್ಪಿಗೆ ಮಾತ್ರ ಬೇಕೇ ಬೇಕು ಎಂದು ಆಕೆ ವಿವರಿಸಿದಳು. ಆಮೇಲೆ ನಾಲ್ಕು ಬೆರಳುಗಳನ್ನು ಎತ್ತಿ ಹಿಡಿದು, ಹುಡುಗನ ತಂದೆ, ಹುಡುಗನ ತಾಯಿ, ಹುಡುಗಿಯ ತಂದೆ, ಹುಡುಗಿಯ ತಾಯಿ, ಇವರಲ್ಲಿ ಎಷ್ಟು ಮಂದಿ ಒಪ್ಪಿದ್ದಾರೆ ಎಂದು ಕೇಳಿದಳು.

“ಮೂರು ಆಗ್ಯಾವ. ಇವರದೊಂದ ಬಾಕಿ,” ಎಂದು ಗಂಗಪ್ಪನವರು ಮಾಸ್ತರರತ್ತ ಕೈ ತೋರಿಸಿದರು.

ಆಕೆ ಮಾರ್ಥವ್ವನ ಕಡೆಗೆ ತಿರುಗಿದಳು. ತಾಯಿಯವರು ಒಪ್ಪಿದ್ದೀರಾ ಎಂದು ನೇರವಾಗಿ ಅವರನ್ನೇ ಕೇಳಿದಳು. ನಾನು ಆ ಪ್ರಶ್ನೆಯನ್ನು ಕನ್ನಡಕ್ಕೆ ತರುತ್ತಿದ್ದಂತೆ, ಅದು ಕನ್ನಡದಲ್ಲಿ ಈವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲವೆಂಬುದು ಅರಿವಿಗೆ ಬಂತು. ಮುಧೋಳದಲ್ಲಿ ಯಾರೂ ಕೇಳಿರಲಿಲ್ಲ, ಮುಂಬಯಿಯಲ್ಲಿ ಕೇಳಿರಲಿಲ್ಲ, ನ್ಯಾಯ ಹೇಳಲು ಬಂದು ಅವರ ಕೋಣೆಯಲ್ಲಿಯೇ ಮಲಗುತ್ತಿದ್ದ ನಾನೂ ಕೇಳಿರಲಿಲ್ಲ.

“ನನ್ನ ಯಾರೂ ಕೇಳಿಲ್ಲಂತ ಹೇಳ್ರಿ ಬಾಯಾರ,” ಎಂದರು ಮಾರ್ಥವ್ವ.

“ಅಕಿದೇನೈತಿ? ನಂದು ಆತಂದ್ರ ಅಕಿದೂ ಆದಂಗ,” ಎಂದರು ಯೋಹಾನಪ್ಪ.

ಇದನ್ನೂ ಅನುವಾದಿಸಿದೆ. ತರುಣಿ ಬೇಡವೆಂಬಂತೆ ಮೆಲ್ಲಗೆ ತಲೆಯಾಡಿಸಿದಳು. ನಮ್ಮಲ್ಲಿ ಹಾಗಿಲ್ಲ ಎಂದಳು. ಆಮೇಲೆ ಗಂಗಪ್ಪನವರ ಕಡೆ ನೋಡಿ, ನಿಮ್ಮ ಹೆಂಡತಿಯನ್ನು ಕೇಳಿದ್ದೀರಷ್ಟೆ ಎಂದಳು.

ಸ್ತ್ರೀಪುರುಷರು ಒಂದೇ ಹಕ್ಕಿಯ ಎರಡು ರೆಕ್ಕೆಗಳೆಂದು ಬನಹಟ್ಟಿಯ ಸಭೆಗಳಲ್ಲಿ ಮೈಕು ಹಿಡಿದು ಹೇಳುವ ಗಂಗಪ್ಪನವರು ಗುಮ್ಮಟದತ್ತ ನೋಡಿದರು, ಸಮುದ್ರದತ್ತ ನೋಡಿದರು.

“ಅಕಿ ಬ್ಯಾಡ ಅನ್ನೂದಿಲ್ರಿ,” ಎಂದರು.

ಎತ್ತಿದ ನಾಲ್ಕು ಬೆರಳುಗಳಲ್ಲಿ ಆಕೆ ಮೂರನ್ನು ಮಡಚಿದಳು.

ಅಕ್ಕೋ

ಅಕ್ಕೋ ಪಟ್ಟಣ ಹೈಫಾ ಕೊಲ್ಲಿಯ ಆಚೆಯ ದಂಡೆಯಲ್ಲಿದೆ. ಬಹಾವುಲ್ಲಾ ಸೆರೆಯಲ್ಲಿದ್ದ ಊರದು. ಊರಾಚೆಯ ತೋಟದಲ್ಲಿ ಅವರ ಸಮಾಧಿ. ಲೋಕದ ಬಹಾಯಿಗಳೆಲ್ಲ ಈ ದಿಕ್ಕಿಗೆ ಮುಖಮಾಡಿ ಪ್ರಾರ್ಥಿಸುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಮಾತಾಡಬಾರದು. ಭಕ್ತರು ಬೆನ್ನು ತೋರಿಸದೆ ಹಿಂಹೆಜ್ಜೆಯಿಡುತ್ತ ಹೊರಬರುತ್ತಾರೆ. ಹೀಗೆ ಬರುವಾಗ ಗಂಗಪ್ಪನವರು ಹಿಂದೆ ನಿಂತಿದ್ದ ಯೋಹಾನಪ್ಪನವರ ಹೊಟ್ಟೆಗೆ ಡಿಕ್ಕಿ ಹೊಡೆದರು. ಮಾತಾಡುವಂತಿರಲಿಲ್ಲವಾದ್ದರಿಂದ ಇಬ್ಬರೂ ಕಣ್ಣಿನಿಂದ ಬೈದಾಡಿಕೊಂಡರು.

ಸಂಜೆ ಸಮುದ್ರದ ಗೋಡೆಯ ಮೇಲೆ ಕುಳಿತೆವು. ಮಾರ್ಥವ್ವ ಎಲ್ಲರಿಗೂ ರೊಟ್ಟಿ ಕೊಟ್ಟರು. ಇಬ್ಬರು ಗಂಡಸರೂ ಹಿಂದಿನ ದಿನದಿಂದ ಅವರ ಮುಖವನ್ನೇ ನೋಡುತ್ತಿದ್ದರು.

“ಹೇಳಿಬಿಡು. ಒಂದು ಮಾತು. ಹೂಂ ಅನ್ನು, ಇಲ್ಲಾ ಊಹೂಂ ಅನ್ನು,” ಎಂದರು ಯೋಹಾನಪ್ಪ.

ಮಾರ್ಥವ್ವ ನನ್ನ ಕಡೆಗೆ ತಿರುಗಿ ಮಾತಾಡಿದರು.

“ನಾ ಹುಟ್ಟಿದ್ದು ಗಲಗಲ್ಯಾಗ್ರಿ ಬಾಯಾರ. ಬೀರಪ್ಪ ದೇವರ ಒಕ್ಕಲು ನಾವು. ಬೀರವ್ವ ಅಂತಿದ್ರು ನನ್ನ. ನಮ್ಮಪ್ಪ ಜಡ್ಡಾಗಿ ಮಿಶನ್ ದವಾಖಾನ್ಯಾಗ ಜೀವಾ ಉಳಿಸಿಕೊಂಡ. ಆ ಉಪಕಾರಕ್ಕ ಮಿಶನ್ ಪೈಕಿ ಇವರ ಮನಿಗೆ ನನ್ನ ಕೊಟ್ಟ. ಅಪ್ಪ ಒಪ್ಪಿದ, ಕಾಕಾ ಒಪ್ಪಿದ, ಪಾದ್ರಿ ಒಪ್ಪಿದ್ರು. ನಮ್ಮವ್ವನ್ನ ಯಾರೂ ಕೇಳಲಿಲ್ಲ.”

ಅಲೆಗಳು ಗೋಡೆಗೆ ಬಡಿಯುತ್ತಿದ್ದವು. ಗಂಗಪ್ಪನವರು ರೊಟ್ಟಿ ಅಗಿಯುವುದನ್ನು ನಿಲ್ಲಿಸಿದರು.

“ಸಾಯೂತನಕ ಅಕಿ ನನ್ನ ಹೊಸ್ತಿಲಾ ದಾಟಲಿಲ್ರಿ. ಸಿಟ್ಟಿರಲಿಲ್ಲ ಅಕಿಗೆ. ಸಂತ್ಯಾಗ ಸಿಕ್ಕಾಗ ಉಡ್ಯಾಗ ಕಡ್ಲಿ ಹಾಕತಿದ್ಲು. ಮನಿಗೆ ಬಾರವ್ವಾ ಅಂದ್ರ, ‘ಕೊಡುಮುಂದ ನನ್ನ ಕೇಳಿಲ್ಲ, ಈಗ ಹೆಂಗ ಬರ್ಲಿ?’ ಅಂತಿದ್ಲು. ಈಗ ಕೇಳೂನಂದ್ರ ಅಕಿನ್ನ ಮಣ್ಣ ಮಾಡಿದ ಜಾಗಾದ ಮ್ಯಾಲ ಆಲಮಟ್ಟಿ ಹಿನ್ನೀರು ನಿಂತೈತಿ.”

“ಇದನ್ನ ನನ್ನ ಮುಂದ ಎಂದೂ ಹೇಳಿಲ್ಲಲ್ಲ,” ಎಂದರು ಯೋಹಾನಪ್ಪ. ಅವರ ಧ್ವನಿ ಬಹಳ ಸಣ್ಣದಾಗಿತ್ತು.

“ನೀವು ಎಂದೂ ಕೇಳಿಲ್ಲಲ್ರಿ.” ಮಾರ್ಥವ್ವ ಸೆರಗಿನ ಮೇಲಿನ ರೊಟ್ಟಿಯ ಚೂರುಗಳನ್ನು ಕೊಡವಿದರು. “ಆ ಹುಡುಗನ ಅವ್ವನ್ನ ನಾ ನೋಡಿಲ್ಲ. ಅಕಿನ್ನೂ ಯಾರೂ ಕೇಳಿಲ್ಲಂತ. ಅಕಿ ಮಾರಿ ನೋಡದ ನಾ ಹೂಂ ಅನ್ನೂದಿಲ್ಲ, ಊಹೂಂ ಅನ್ನೂದೂ ಇಲ್ಲ.”

ಎರಡು ಧರ್ಮಗಳನ್ನು ಹೋಲಿಸಲೆಂದು ನಾನು ಈ ಪ್ರವಾಸಕ್ಕೆ ಬಂದಿದ್ದೆ. ಯೇಸು ದೇವರ ಮಗನೋ, ದೇವರನ್ನು ತೋರಿಸುವ ಕನ್ನಡಿಗಳಲ್ಲಿ ಒಬ್ಬನೋ ಎಂಬ ವಿಷಯದಲ್ಲಿ ಅವೆರಡೂ ಎಂದಿಗೂ ಕೂಡಲಾರವೆಂಬುದು ಯೆರೂಸಲೇಮಿನಲ್ಲಿಯೇ ಖಚಿತವಾಗಿತ್ತು. ಕೂಡುತ್ತವೆಂದು ಹೇಳುವ ಗಂಗಪ್ಪನವರದು ಸೌಜನ್ಯ. ಆದ್ದರಿಂದ ಏನನ್ನೂ ಮಾಡಬಾರದೆನ್ನುವ ಯೋಹಾನಪ್ಪನವರದು ಹಟ. ಆದರೆ ತಂದೆತಾಯಿಗಳನ್ನು ಗೌರವಿಸು ಎಂದು ಬೈಬಲು ಆಜ್ಞಾಪಿಸುತ್ತದೆ. ತಂದೆತಾಯಿಗಳನ್ನು ಕೇಳು ಎಂದು ಬಹಾಯಿ ವಿಧಿ ಹೇಳುತ್ತದೆ. ತಾಯಿ ಎಂಬ ಪದ ಎರಡರಲ್ಲೂ ಎದ್ದು ಕಾಣುವಂತಿದೆ. ಇಬ್ಬರು ಪಂಡಿತರೂ ಅದನ್ನು ಓದದೆ ಪುಟ ಮಗುಚಿದ್ದರು.

ಬನಹಟ್ಟಿ

ಮುಂಬಯಿಯಿಂದ ಬಂದ ನಾವು ಮುಧೋಳಕ್ಕೆ ಹೋಗದೆ ನೇರವಾಗಿ ಬನಹಟ್ಟಿಗೆ ಬಂದೆವು. ಬನಹಟ್ಟಿಯ ಓಣಿಗಳಲ್ಲಿ ಮಗ್ಗಗಳ ಸದ್ದು ಎಷ್ಟಿರುತ್ತದೆಂದರೆ, ಅಲ್ಲಿಯವರು ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ.

ಬಾಗಿಲಲ್ಲಿ ಗಂಗಪ್ಪನವರ ಹೆಂಡತಿ ಕಸ್ತೂರೆವ್ವ ನಿಂತಿದ್ದರು, ಹಣೆಯಲ್ಲಿ ಅಗಲವಾದ ಕುಂಕುಮ. ಒಳಗಿನ ದೇವರ ಜಗಲಿಯಲ್ಲಿ ದೇವಿಯ ಮೂರ್ತಿಗೆ ಹೂವು ಏರಿಸಿದ್ದರು. ಗಂಡ ಬಹಾಯಿಯಾದದ್ದು ದೇವಿಗೆ ಇನ್ನೂ ಗೊತ್ತಾದಂತಿರಲಿಲ್ಲ.

“ಬರ್ರಿ. ಬೀಗರ ಅನ್ಲೋ ಬ್ಯಾಡೋ ಗೊತ್ತಿಲ್ಲ, ಮೊದಲ ನೀರ ಕುಡೀರಿ,” ಎಂದರು.

ಗಂಗಪ್ಪನವರು ಗಂಟಲು ಸರಿಪಡಿಸಿಕೊಂಡರು. “ನಿನ್ನ ಒಂದು ಮಾತು ಕೇಳೂದಿತ್ತು.”

“ನನ್ನ?”

“ಪ್ರಕಾಶನ ಲಗ್ನದ್ದು. ನಿನ್ನ ಒಪ್ಪಿಗಿ.”

ಕಸ್ತೂರೆವ್ವ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಜಗತ್ತೆಲ್ಲಾ ಒಂದ ಅಂತಿದ್ರಿ. ಅಡಿಗಿ ಮನಿ ಅದರಾಗ ಬರೂದಿಲ್ಲಂತ ತಿಳದಿದ್ದೆ ನಾ.” ಆಮೇಲೆ ಮಾರ್ಥವ್ವನ ಕೈ ಹಿಡಿದು, “ಒಳಗ ಬರ್ರಿ ಅಕ್ಕಾರ,” ಎಂದು ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ನಾವು ಮೂವರು ಕಟ್ಟೆಯ ಮೇಲೆ ಕುಳಿತೆವು. ಪ್ರಕಾಶ ಮಗ್ಗದ ಕೋಣೆಯ ಬಾಗಿಲಿಗೆ ಬಂದು ನಮ್ಮ ಮುಖಗಳನ್ನು ನೋಡಿ ಮತ್ತೆ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದ. ಗಂಗಪ್ಪನವರು ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ಎನ್ನುವ ತ್ರಿತ್ವದ ವಿಷಯ ತೆಗೆದರು. ಯೋಹಾನಪ್ಪನವರು ಮುಚ್ಚಿದ ಕದವನ್ನೇ ನೋಡುತ್ತ ಕುಳಿತರು. ಅವರನ್ನು ಬಲ್ಲ ಯಾರಿಗಾದರೂ ಇದರಿಂದ ಭಯವಾಗಬೇಕು.

ಕದ ತೆರೆದಾಗ ಇಬ್ಬರು ಹೆಂಗಸರ ಕಣ್ಣುಗಳೂ ಒದ್ದೆಯಾಗಿದ್ದವು, ಮುಖಗಳು ಮಾತ್ರ ವ್ಯಾಪಾರ ಮುಗಿಸಿದವರಂತೆ ಶಾಂತವಾಗಿದ್ದವು. ಒಳಗೆ ಏನು ಮಾತಾಯಿತೆಂದು ಇಬ್ಬರೂ ಹೇಳಲಿಲ್ಲ.

“ನಮ್ಮಿಬ್ಬರದೂ ಆತು,” ಎಂದರು ಕಸ್ತೂರೆವ್ವ. “ಇನ್ನ ನಿಮ್ಮಿಬ್ಬರದು ಏನಂತ?”

“ನಂದು ಮೊದಲ ಆಗೇತಿ,” ಎಂದರು ಗಂಗಪ್ಪ ಆತುರದಿಂದ.

ಎಲ್ಲರೂ ಯೋಹಾನಪ್ಪನವರನ್ನು ನೋಡಿದೆವು. ಮಾಸ್ತರರ ಕೈ ಬೈಬಲಿಗಾಗಿ ಕಂಕುಳನ್ನು ತಡಕಿತು. ಅದು ಗಾಡಿಯಲ್ಲಿ ಚೀಲದೊಳಗಿತ್ತು.

“ಪೌಲ ಸ್ಪಷ್ಟ ಬರದಾನ, ಮಾರ್ಥಾ,” ಎಂದರು. ಅವರ ಮಾತಿನಲ್ಲಿ ವಾದವಿರಲಿಲ್ಲ, ಭಯವಿತ್ತು. “ನಾಳೆ ಮ್ಯಾಲ ಹೋಗಿ ಆತನ ಮುಂದ ನಿಂತಾಗ ನಾ ಏನ ಹೇಳ್ಲಿ?”

“ನಿನಗ ಮಗಳಿರಲಿಲ್ಲಪಾ ಅಂತ ಹೇಳ್ರಿ.”

ಯೋಹಾನಪ್ಪನವರು ಎದ್ದು ನಿಂತರು, ಮತ್ತೆ ಕುಳಿತರು. ಮಗ್ಗದ ಕೋಣೆಯ ಬಾಗಿಲಲ್ಲಿ ಪ್ರಕಾಶ ಮತ್ತೊಮ್ಮೆ ಬಂದು ನಿಂತಿದ್ದ.

“ಅವರ ತತ್ವಕ್ಕ ನನ್ನ ಒಪ್ಪಿಗಿ ಇಲ್ಲ. ಯೇಸು ಒಬ್ಬನ ದಾರಿ. ಇದು ನಾ ಸಾಯೂತನಕ.”

“ತತ್ವ ಯಾರು ಕೇಳ್ಯಾರ್ರೀ? ಲಗ್ನ ಕೇಳೇವಿ,” ಎಂದರು ಮಾರ್ಥವ್ವ.

“ಲಗ್ನಕ್ಕ,” ಎಂದು ಅವರು ನೆಲವನ್ನು ನೋಡುತ್ತ ಹೇಳಿದರು, “ಒಪ್ಪೇನಿ.”

ಮಗ್ಗಗಳ ಸದ್ದಿನಲ್ಲಿ ಗಂಗಪ್ಪನವರು ಕಿವಿಗೆ ಕೈ ಹಚ್ಚಿ ಮುಂದೆ ಬಾಗಿದರು. “ಏನಂದ್ರಿ ಮಾಸ್ತರ? ಇನ್ನೊಮ್ಮೆ ಅನ್ರಿ.”

“ಒಮ್ಮೆ ಅಂದಾರ, ಸಾಕು,” ಎಂದರು ಮಾರ್ಥವ್ವ. “ಇನ್ನೊಮ್ಮೆ ಕೇಳಿದ್ರ ವಿಚಾರ ಮಾಡಾಕ ಹತ್ತತಾರ.”